ತಳನೀರು

2023ರ ಜನವರಿ 20, ಶುಕ್ರವಾರ, ಬೆಳಿಗ್ಗೆ ಆರು ಗಂಟೆ ಹತ್ತು ನಿಮಿಷ. ಹಳೆಕಟ್ಟೆ ಕೆರೆಯ ತೂಬಿನ ಮುಂದಿನ ಗುಂಡಿಗೆ ಉಷ್ಣಮಾಪಕದ ತಂತಿ ಇಳಿಬಿಟ್ಟೆ. ಏಳು ಮೀಟರ್ ಹೋದ ಮೇಲೆ ತಳ ಸಿಕ್ಕಿತು. ಎರಡು ನಿಮಿಷ ಕಾದು ಓದಿದೆ: 19.4 ಡಿಗ್ರಿ. ಎತ್ತಿ, ಒರೆಸಿ, ಮತ್ತೆ ಇಳಿಸಿದೆ. ಮತ್ತೆ 19.4.

ಪಕ್ಕದಲ್ಲಿ ಟಾರ್ಚ್ ಹಿಡಿದು ನಿಂತಿದ್ದ ಪ್ರಸಾದ್ ಮುಖ ಅರಳಿತು. ರಾಯದುರ್ಗದಲ್ಲಿ ಅವರದು ಜೀನ್ಸ್ ಹೊಲಿಯುವ ಘಟಕ. ಬಳ್ಳಾರಿಯ ನಾಲ್ಕೈದು ಗೆಳೆಯರನ್ನು ಸೇರಿಸಿಕೊಂಡು ಗಾಳ ಹಾಕುವವರ ಕ್ಲಬ್ ಒಂದನ್ನು ಮಾಡಿಕೊಂಡಿದ್ದರು. ಊರಿನ ಕೆರೆಗೆ ತಮ್ಮ ಖರ್ಚಿನಲ್ಲೇ ಟ್ರೌಟ್ ಮೀನು ತಂದು ಬಿಡಬೇಕು, ಭಾನುವಾರಗಳಲ್ಲಿ ಬಂದು ಗಾಳ ಹಾಕಬೇಕು ಎಂಬುದು ಅವರ ಆಸೆ. ಟ್ರೌಟ್ ಬೆಟ್ಟದ ತೊರೆಗಳ ಮೀನು. ತಣ್ಣೀರು ಬಿಟ್ಟರೆ ಬದುಕುವುದಿಲ್ಲ. ನೀರು ಪರೀಕ್ಷಿಸುವ ಖಾಸಗಿ ಲ್ಯಾಬಿನಿಂದ ನನ್ನನ್ನು ಕಳಿಸಿದ್ದು ಅದಕ್ಕೇ.

"ಇಪ್ಪತ್ತರ ಒಳಗ ಐತಿ ಅಲ್ರಿ ಮೇಡಂ?"

"ಐತೆ ಸಾರ್. ಆದ್ರೆ ಇದು ಜನವರಿ. ಬೆಳಕೂ ಹರಿದಿಲ್ಲ. ಕೆರೆಗೆಲ್ಲಾ ಆಳವಾದ ಗುಂಡಿನೇ ಇದು."

"ಮೀನು ಗುಂಡ್ಯಾಗ ಇರ್ತಾವ ಬಿಡ್ರಿ. ನಿಮಗ ಎಷ್ಟು ಕಾಣ್ತೋ ಅಷ್ಟ ಬರೀರಿ."

ಕಂಡಷ್ಟನ್ನೇ ಬರೆದೆ. ನಮ್ಮ ನಮೂನೆಯಲ್ಲಿ ಕಡೆಯ ಕಾಲಂ 'ಷರಾ'. ಬೇಸಿಗೆಯಲ್ಲಿ ಮತ್ತೆ ಅಳೆಯದೆ ಈ ಅಂಕಿಯನ್ನು ನಂಬಬಾರದು ಎಂದು ಅಲ್ಲಿ ಬರೆಯಬೇಕಿತ್ತು. ಆದರೆ ಏಳೂವರೆಯ ಬಸ್ಸಿಗೆ ಕಣೇಕಲ್ಲು ಸೇರಬೇಕಿತ್ತು, ಆಟೋದವನು ಕೆರೆ ಏರಿಯ ದಿಣ್ಣೆಯ ಕೆಳಗೆ ಹಾರನ್ ಒತ್ತುತ್ತಿದ್ದ, ಬೆರಳು ಮರಗಟ್ಟಿದ್ದವು. ಹನ್ನೆರಡು ವರ್ಷದಿಂದ ಅದೇ ನಮೂನೆ ತುಂಬುತ್ತಿದ್ದೇನೆ, ಷರಾ ಓದಿದವರನ್ನು ಕಂಡಿಲ್ಲ. 'ಇಲ್ಲ' ಎಂದು ಬರೆದು ಸಹಿ ಮಾಡಿದೆ. ವಾಣಿಶ್ರೀ, ಎಂ.ಎಸ್ಸಿ., ಪ್ರಾಣಿಶಾಸ್ತ್ರ.

ಹತ್ತು ದಿನದ ಮೇಲೆ ಮೀನುಗಾರರ ಸಂಘದ ತಗಡಿನ ಶೆಡ್ಡಿನಲ್ಲಿ ಒಪ್ಪಂದದ ಮಾತಾಯಿತು. ಕೆರೆಯ ಮೀನಿನ ಗುತ್ತಿಗೆ ಸಂಘದ್ದು. ಅವಧಿ ಮೇ 15ಕ್ಕೆ ಮುಗಿಯುತ್ತದೆ. ಸಂಘದ ಹೆಸರಿನಲ್ಲಿ ನಿಜವಾಗಿ ಬಲೆ ಹಾಕುತ್ತಿದ್ದವಳು ಚಿನ್ನಕ್ಕ. ಐವತ್ತು ದಾಟಿದ ಗಟ್ಟಿ ಹೆಂಗಸು. ಗಂಡ ತೀರಿಕೊಂಡ ಮೇಲೆ ಹರಿಗೋಲಿನ ಹುಟ್ಟು ಅವಳ ಕೈಗೆ ಬಂದಿತ್ತು. ಎರಡು ವರ್ಷದ ಹಿಂದೆ ಅವಳೇ ತಂದು ಬಿಟ್ಟ ಕಾಟ್ಲಾ, ರೋಹು ಮರಿಗಳು ಈಗ ತೊಡೆಗಾತ್ರ ಆಗಿದ್ದವು. ಮಾರ್ಚಿನಿಂದ ಹಿಡಿಯುವುದೆಂದು ಕಾದಿದ್ದಳು. ಗುತ್ತಿಗೆ ಮುಗಿಯುವುದರೊಳಗೆ ಹಿಡಿಯದೆ ಉಳಿದದ್ದೆಲ್ಲ ಮುಂದಿನ ಗುತ್ತಿಗೆದಾರನ ಪಾಲು.

ಟ್ರೌಟ್ ಬಿಟ್ಟ ಮೇಲೆ ಬಲೆ ಇಳಿಸಬಾರದು ಎಂದರು ಪ್ರಸಾದ್.

"ಯಾವಾಗಿನ ತನಕ್ರಿ?" ಚಿನ್ನಕ್ಕ ಕೇಳಿದಳು. "ಸಾಯೋ ತನಕಾನಾ? ನಾ ಸಾಯೋ ತನಕಾನಾ, ಮೀನು ಸಾಯೋ ತನಕಾನಾ?"

ಎಲ್ಲರೂ ನಕ್ಕರು. ಪ್ರಸಾದ್ ನಗಲಿಲ್ಲ, ನ್ಯಾಯವಾಗಿಯೇ ಯೋಚಿಸಿದರು. ನೀರು ಇಪ್ಪತ್ತೆರಡು ಡಿಗ್ರಿ ದಾಟಿದರೆ ಟ್ರೌಟ್ ಗಾಳ ಕಚ್ಚುವುದಿಲ್ಲ, ಆಮೇಲೆ ಬಲೆ ತಡೆದು ಪ್ರಯೋಜನವಿಲ್ಲ ಎಂದರು. ಹಾಗಾಗಿ ಕಾಗದದಲ್ಲಿ ಬರೆಸಿದ್ದು ಇಷ್ಟು: ತೂಬಿನ ಗುಂಡಿಯ ತಳದ ನೀರು ಲ್ಯಾಬಿನವರ ಅಳತೆಯಲ್ಲಿ 22 ಡಿಗ್ರಿ ದಾಟಿದ ದಿನ ಬಲೆ ಇಳಿಸಬಹುದು. ಅಳತೆ ತಿಂಗಳಿಗೊಮ್ಮೆ, ಇಪ್ಪತ್ತನೇ ತಾರೀಖು.

"ಬ್ಯಾಸಗಿ ಬರಲಿ, ಶಿವರಾತ್ರಿ ಮುಗುದ್ರ ಕೆರಿ ಕುದೀತೈತಿ," ಎಂದು ಚಿನ್ನಕ್ಕ ಹೆಬ್ಬೆಟ್ಟು ಒತ್ತದೆ ನಿಧಾನವಾಗಿ, ಒಂದೊಂದು ಅಕ್ಷರವನ್ನೂ ಕೊರೆದಂತೆ ಸಹಿ ಮಾಡಿದಳು.

ಫೆಬ್ರವರಿ 5ರಂದು ಮೀನು ಬಂದವು. ಕಾಲು ಕೆಜಿ ತೂಕದ ಆರುನೂರು ಮೀನು, ಐಸ್ ಸುತ್ತಿದ ಟ್ಯಾಂಕುಗಳಲ್ಲಿ, ಎರಡು ಹಗಲು ಒಂದು ರಾತ್ರಿ ಪ್ರಯಾಣ ಮಾಡಿ. ದಿಣ್ಣೆಯ ಮೇಲೆ ಊರೇ ನಿಂತಿತ್ತು. ಮೈಮೇಲೆ ಗುಲಾಬಿ ಪಟ್ಟೆ, ಕರಿ ಚುಕ್ಕೆ. ಚಂದದ ಮೀನು, ಅದನ್ನು ಒಪ್ಪಲೇಬೇಕು.

"ಐಸಿನಾಗ ಬರೋದು ಸತ್ತ ಮೀನು ಅಂದ್ಕೊಂಡಿದ್ದೆ," ಎಂದಳು ಚಿನ್ನಕ್ಕ. "ಜೀವ ಇರೋದನ್ನ ಐಸಿನಾಗ ಇಟ್ಕೊಂಡು ಬಂದದ್ದು ಇದ ಮೊದ್ಲು ನೋಡಿದ್ದು."

ಅಂದಿನಿಂದ ಅವಕ್ಕೆ ಐಸ್ ಮೀನು ಎಂದೇ ಹೆಸರಾಯಿತು. ಕ್ಲಬ್ಬಿನವರು ದಿಣ್ಣೆಯ ಮೇಲೆ ಎರಡು ಸಿಮೆಂಟ್ ಬೆಂಚು, ಒಂದು ಬೋರ್ಡು ಹಾಕಿಸಿದರು. ಭಾನುವಾರ ಟೋಪಿ ಹಾಕಿಕೊಂಡು ಬಂದು ಕೂರುತ್ತಿದ್ದರು. ಸಿಕ್ಕ ಮೀನನ್ನು ಫೋಟೋ ತೆಗೆದು ಮತ್ತೆ ನೀರಿಗೇ ಬಿಡುವುದು ಅವರ ನಿಯಮ. ಊರಿನ ಹೆಂಗಸರು ಬಟ್ಟೆ ಒಗೆಯುವುದನ್ನು ನಿಲ್ಲಿಸಿ ಅದನ್ನು ನೋಡುತ್ತಿದ್ದರು. ಹಿಡಿದ ಮೀನಿಗೆ ಮುತ್ತು ಕೊಟ್ಟು ಕಳಿಸುತ್ತಾರೆ ಎಂದು ಕಣೇಕಲ್ಲು ಸಂತೆಯವರೆಗೂ ಸುದ್ದಿಯಾಯಿತು.

ಫೆಬ್ರವರಿ 20ರಂದು ಗುಂಡಿಯ ತಳ 20.1. ಮಾರ್ಚ್ 20ರಂದು 21.2. ಮೇಲಿನ ನೀರು ಆಗಲೇ 28 ದಾಟಿತ್ತು. ಇದರಲ್ಲಿ ಪವಾಡವಿಲ್ಲ. ಬಿಸಿ ನೀರು ಹಗುರ, ತಣ್ಣೀರು ಭಾರ. ದಿಣ್ಣೆ ಗಾಳಿಯನ್ನು ತಡೆಯುವ ಆ ಮೂಲೆಯ ಆಳದಲ್ಲಿ, ಚಳಿಗಾಲದ ನೀರು ಬೇಸಿಗೆಯ ನೀರನ್ನು ಹೊದ್ದುಕೊಂಡು ಅಲ್ಲಾಡದೆ ಮಲಗಿತ್ತು. ಟ್ರೌಟ್‌ಗಳೆಲ್ಲ ಅಲ್ಲೇ ಸೇರಿದ್ದವು.

ಆ ನೀರಿಗೆ ಊರಿನಲ್ಲಿ ಒಂದು ಹೆಸರಿತ್ತು: ತಳನೀರು. ನೀರಗಂಟಿ ತಿಪ್ಪಯ್ಯ ಅದನ್ನು ನನಗೆ ಹೇಳಿದ್ದು ಮಾರ್ಚ್ ಅಳತೆಯ ದಿನ. ಕೆರೆಯ ನೀರನ್ನು ಯಾವ ಗದ್ದೆಗೆ ಯಾವಾಗ ಬಿಡಬೇಕೆಂದು ನೋಡಿಕೊಳ್ಳುವ ಕೆಲಸ ಅವನ ಮನೆತನದ್ದು. ಅರವತ್ತೆರಡರ ವಯಸ್ಸು, ಒಣಗಿದ ಮೈ. ತೂಬಿಗೆ ಮೂರು ಕಂಡಿಗಳು, ಒಂದರ ಕೆಳಗೊಂದು. ಮೂರಕ್ಕೂ ಮರದ ಬೆಣೆ. ವರ್ಷವೆಲ್ಲ ಮೇಲಿನದು, ನಡುವಿನದು ತೆಗೆಯುತ್ತಾನೆ. ಆದರೆ ಎರಡನೇ ಬೆಳೆ ತೆನೆಗಟ್ಟುವಾಗ ಒಂದೇ ಒಂದು ಸಲ ತಳದ ಬೆಣೆ ಕೀಳುವುದು ಕಟ್ಟಳೆ. ತಳದ ನೀರಿನೊಂದಿಗೆ ಕಪ್ಪು ಮೆಕ್ಕಲು ಹರಿಯುತ್ತದೆ. ವರ್ಷವೆಲ್ಲ ಕಡೆಗೆ ನೀರು ಕಾಣುವ ಬಾಲದ ಗದ್ದೆಗಳಿಗೆ ಆ ದಿನ ಮೊದಲ ಪಾಲು. ತಿಪ್ಪಯ್ಯ ಕಾಯಿ ಒಡೆದು, ಉಸಿರು ಕಟ್ಟಿ, ಕಲ್ಲುಕಂಬ ಹಿಡಿದು ಇಳಿದು ಕಾಲಿನಿಂದಲೇ ಬೆಣೆ ಸಡಿಲಿಸುತ್ತಾನಂತೆ.

"ಈ ಸಲ ಯಾವ ಕಂಡಿ ತೆಗೀಲಿ, ಹೇಳ್ರಿ ಅಮ್ಮಾರ," ಎಂದು ಕೇಳಿದ. "ಪ್ರಸಾದ್ ಸಾರು ತಳದ್ದು ಮುಟ್ಟಬ್ಯಾಡ ಅಂತಾರ. ಮೀನು ಸಾಯ್ತಾವಂತ. ಹೌದೇನ್ರಿ?"

ಚಿನ್ನಕ್ಕ ಬೆಂಚಿನ ಮೇಲೆ ಕೂತಿದ್ದಳು. ಮಡಿಸಿದ ಬಲೆ ಕ್ಲಬ್ಬಿನ ಬೋರ್ಡಿನ ಕಂಬಕ್ಕೆ ನೇತಾಡುತ್ತಿತ್ತು. ಅವಳು ನನ್ನ ಮುಖ ನೋಡಲಿಲ್ಲ, ನೀರು ನೋಡುತ್ತಿದ್ದಳು. ತಳದ ಬೆಣೆ ಕಿತ್ತರೆ ಎರಡು ದಿನದಲ್ಲಿ ತಣ್ಣೀರೆಲ್ಲ ಗದ್ದೆಗೆ ಹೋಗುತ್ತದೆ, ಬಿಸಿ ನೀರು ಕೆಳಗಿಳಿಯುತ್ತದೆ, ಅವಳ ಬಲೆಯೂ ಇಳಿಯುತ್ತದೆ. ಅದು ಅವಳಿಗೂ ಗೊತ್ತಿತ್ತು. ಓದಿಲ್ಲದಿದ್ದರೂ ದಿನಾ ಆ ನೀರಿಗೆ ಕೈ ಹಾಕಿದವಳು.

"ಹೌದು," ಎಂದೆ. "ತಳದ್ದು ತೆಗೆದ್ರೆ ಸಾಯ್ತವೆ. ನಡುವಿಂದು ತೆಗೆದ್ರೆ ಇನ್ನೊಂದಷ್ಟು ದಿನ ಇರ್ತವೆ."

ಕೇಳಿದ ಪ್ರಶ್ನೆಗೆ ಸರಿಯಾದ ಉತ್ತರ. ಅಷ್ಟು ದೂರದಿಂದ ಐಸಿನಲ್ಲಿ ಬಂದ ಜೀವಗಳು ನನ್ನ ಒಂದು ಮಾತಿನಿಂದ ಸಾಯುವುದು ನನಗೆ ಬೇಕಿರಲಿಲ್ಲ. ನನ್ನದೇ ಜನವರಿಯ ಕಾಗದ ನಂಬಿ ಬಂದವು ಅವು.

"ಹಂಗಾರ ನಡುವಿಂದ ತೆಗೀತೀನಿ," ಎಂದ ತಿಪ್ಪಯ್ಯ. "ಹೊಸಾ ಬೀಗರು. ಒಂದ್ ವರ್ಷ ಸುಧಾರಿಸಿಕೊಳ್ಳಾಣ."

"ಬೀಗರು ನಿನಗ ಚಲೋ ಸಿಕ್ಕಾರ ತಿಪ್ಪಣ್ಣ," ಎಂದಳು ಚಿನ್ನಕ್ಕ. "ಬಂದು ನಮ್ಮನಿ ಬಾಗಲಾ ಹಾಕ್ಕೊಂಡು ಒಳಗ ಮಲಗ್ಯಾರ. ನಾವು ಹೊರಗ ನಿಂತು ಉಣ್ಣಾಕ ಎಬ್ಬಸ್ಲೋ ಬ್ಯಾಡೋ ಅಂತ ವಿಚಾರ ಮಾಡಾಕತ್ತೀವಿ."

ಅವಳು ಆ ತಿಂಗಳೆಲ್ಲ ಭತ್ತದ ಗದ್ದೆಗಳಿಗೆ ಕೂಲಿಗೆ ಹೋದಳು. ಬಾಲದ ಗದ್ದೆಯವರು ತಿಪ್ಪಯ್ಯನನ್ನು ಮಾತಾಡಿಸುವುದು ಬಿಟ್ಟರು. ತಳನೀರು ಕೊಡದ ವರ್ಷ ಅವನ ಅಪ್ಪನ ಕಾಲದಲ್ಲೂ ಇರಲಿಲ್ಲವಂತೆ.

ಏಪ್ರಿಲ್ 20, ಗುರುವಾರ. ಕೆರೆಗೆ ನೀರು ತರುವ ಕಾಲುವೆ ನಿಂತಿತ್ತು, ಕೆರೆ ಇಳಿದು ಬದಿಯ ಮಣ್ಣು ಬಿರುಕು ಬಿಟ್ಟಿತ್ತು. ಗುಂಡಿಯ ಆಳ ಮೂರು ಮೀಟರಿಗೆ ಬಂದಿತ್ತು. ಎಲ್ಲರೂ ಬಂದಿದ್ದರು. ಪ್ರಸಾದ್ ಘಟಕಕ್ಕೆ ರಜೆ ಹಾಕಿ ಬಂದಿದ್ದರು. ಚಿನ್ನಕ್ಕ ಕೂಲಿ ಬಿಟ್ಟು, ಬಲೆಯನ್ನು ಹರಿಗೋಲಿನಲ್ಲೇ ಇಟ್ಟುಕೊಂಡು ಬಂದಿದ್ದಳು.

"ಕೆರಿಗೆ ಜ್ವರ ನೋಡ್ರಿ ಡಾಕ್ಟರಮ್ಮ," ಎಂದಳು. "ಇವತ್ತರ ಬಂದಿರಬೇಕು."

ತಂತಿ ಇಳಿಸಿದೆ. ಎರಡು ನಿಮಿಷ. 21.9.

ಎತ್ತಿ ಒರೆಸಿ ಮತ್ತೆ ಇಳಿಸಿದೆ. 21.9. ಮೂರನೇ ಸಲ ಇಳಿಸಿದ್ದು ಅಭ್ಯಾಸದಿಂದಲ್ಲ, ಬೇರೆ ಅಂಕಿ ಬರಲಿ ಎಂದು. ಬರಲಿಲ್ಲ.

ಓದಿ ಹೇಳಿದೆ. ಚಿನ್ನಕ್ಕ ಹತ್ತಿರ ಬಂದು ಆ ಪುಟ್ಟ ಪರದೆಯನ್ನು ತಾನೇ ನೋಡಿದಳು.

"ಇಪ್ಪತ್ತೆರಡಕ್ಕ ಎಷ್ಟು ಕಡಿಮಿ ಆತ್ರಿ?"

"ಒಂದು ಡಿಗ್ರಿನ ಹತ್ತು ಭಾಗ ಮಾಡಿದ್ರೆ, ಅದ್ರಲ್ಲಿ ಒಂದು."

"ಅಷ್ಟು ನೀರಿಗಾದ್ರೂ ಗೊತ್ತಾಗ್ತೈತೇನ್ರಿ?" ಅವಳು ಧ್ವನಿ ಏರಿಸಲಿಲ್ಲ. "ಮುಂದಿನ ಅಳತಿ ಮೇ ಇಪ್ಪತ್ತಕ್ಕ. ನನ್ನ ಲೀಜು ಹದಿನೈದಕ್ಕ ಮುಗೀತೈತಿ. ಎರಡು ವರ್ಷ ಸಾಕೀನ್ರೀ ಆ ಮೀನು. ನಿಮ್ಮ ಪೆನ್ನು ಒಂದೀಟು ಮ್ಯಾಲ ಹೋದ್ರ ಏನಾಗ್ತೈತಿ?"

ನನ್ನ ಮಾಪಕದ ಪೆಟ್ಟಿಗೆಯ ಮೇಲೆ ಬರೆದಿತ್ತು: ದೋಷ, ಹೆಚ್ಚು ಕಡಿಮೆ 0.2 ಡಿಗ್ರಿ. ಅಂದರೆ ಆ ನೀರು ನಿಜವಾಗಿ 22.1 ಇದ್ದಿರಬಹುದು. 21.7 ಇದ್ದಿರಲೂಬಹುದು. ಅದನ್ನು ಹೇಳಿದೆ. ಪ್ರಸಾದ್ ಬೇಗ ಮಾತಾಡಿದರು:

"ನೋಡ್ರಿ ಮೇಡಂ, ಕಾಗದದಾಗ ಇರೋದು ನಿಮ್ಮ ಅಳತಿ. ದೋಷದ ಮಾತು ಇಲ್ಲ. ನಾ ಮೋಸ ಮಾಡಾಕ ಹೇಳವಲ್ಲೆ. ಹನ್ನೊಂದು ವರ್ಷದವ ಇದ್ದಾಗ ಮಾವನ ಜೊತಿ ಬೆಟ್ಟದ ಹಳ್ಳದಾಗ ಒಂದು ಟ್ರೌಟ್ ಹಿಡಿದಿದ್ದೆ. ಅದು ಜಗ್ಗಿದ್ದು ಇನ್ನಾ ಈ ಕೈಯಾಗ ಐತಿ. ಇಲ್ಲಿ ಇಷ್ಟು ವಾರ ಕುಂತ್ರೂ ನನ್ನ ಗಾಳಕ್ಕ ಒಂದೂ ಬಿದ್ದಿಲ್ಲ. ಒಂದ್ಸಲ ಬೀಳ್ಲಿ, ನಾನ ಬಂದು ಬಲಿ ಬಿಡಸ್ತೀನಿ."

ಅವರ ದನಿಯಲ್ಲಿ ಸುಳ್ಳಿರಲಿಲ್ಲ. ಯಾರ ದನಿಯಲ್ಲಿಯೂ ಇರಲಿಲ್ಲ, ಬೇಸರ ಬಂದದ್ದು ಅದಕ್ಕೇ. 21.9 ಎಂದು ಬರೆದೆ. ಚಿನ್ನಕ್ಕ ಬಲೆಯನ್ನು ಹರಿಗೋಲಿನಿಂದ ತೆಗೆದು ಮತ್ತೆ ಬೋರ್ಡಿನ ಕಂಬಕ್ಕೆ ಹಾಕಿದಳು.

"ಹತ್ತು ದಿನ ಬಿಟ್ಟು ಬತ್ತೀನಿ ಕಣಕ್ಕ," ಎಂದೆ. "ಭಾನುವಾರ. ಲ್ಯಾಬಿನ ಲೆಕ್ಕಕ್ಕಲ್ಲ, ನಾನೇ ಬತ್ತೀನಿ. ಪ್ರಸಾದ್ ಸಾರು ಒಪ್ಪಿದ್ರೆ ಆ ಅಳತೇನೂ ಅಳತೇನೇ."

ಪ್ರಸಾದ್ ನೀರು ನೋಡಿದರು, ಚಿನ್ನಕ್ಕನನ್ನು ನೋಡಿದರು. "ಆತು, ಬರ್ರಿ," ಎಂದರು.

ಆ ರಾತ್ರಿ ರಾಯದುರ್ಗದ ಬಾಡಿಗೆ ಕೋಣೆಯಲ್ಲಿ ನಾಲ್ಕು ತಿಂಗಳ ಅಂಕಿಗಳನ್ನು ಒಂದು ಹಾಳೆಯ ಮೇಲೆ ಬರೆದು ನೋಡಿದೆ. ಆಗ ಹೊಳೆಯಿತು. ತಣ್ಣೀರನ್ನು ಉಳಿಸಿದ್ದು ಅದರ ಮೇಲೆ ಹೊದ್ದ ನಾಲ್ಕೈದು ಮೀಟರ್ ಬಿಸಿ ನೀರು. ನನ್ನ ಮಾತು ಕೇಳಿ ತಿಪ್ಪಯ್ಯ ನಡುವಿನ ಕಂಡಿಯಿಂದ ಹರಿಸಿದ್ದು ಆ ಹೊದಿಕೆಯನ್ನೇ. ತಳವನ್ನು ಕಾಪಾಡುತ್ತ ಕಾಪಾಡುತ್ತ ಮೇಲಿನದನ್ನೆಲ್ಲ ತೆಗೆದುಬಿಟ್ಟಿದ್ದೆವು. ಈಗ ಅದರ ಮೇಲೆ ಉಳಿದಿದ್ದು ಒಂದೂವರೆ ಮೀಟರ್. ಒಂದು ಜೋರು ಗಾಳಿ ಬೀಸಿದರೆ ಸಾಕು, ಮೇಲು ಕೆಳಗು ಕಲೆಸಿ ಒಂದಾಗುತ್ತದೆ. ಎರಡನೇ ವರ್ಷದ ಬಿ.ಎಸ್ಸಿ. ಪಾಠ. ಪರೀಕ್ಷೆಯಲ್ಲಿ ಚಿತ್ರ ಸಮೇತ ಬರೆದಿದ್ದೆ.

ಪ್ರಸಾದ್‌ಗೆ ಫೋನ್ ಮಾಡಿ ಹೇಳಿದೆ. ಅವರು ಕೇಳಿಸಿಕೊಂಡು, "ಏನರ ಮಾಡಬಹುದೇನ್ರಿ?" ಎಂದರು. ಇಲ್ಲ ಎಂದೆ.

ಏಪ್ರಿಲ್ 28ರ ಸಂಜೆ ಗಾಳಿ ಎದ್ದಿತು. 29ರಂದೂ ಬೀಸಿತು. ಕೆರೆಯಾಚೆ ಗುಡ್ಡದ ಮೇಲಿನ ಗಾಳಿಯಂತ್ರಗಳು ತಿರುಗುವ ಸದ್ದು ರಾಯದುರ್ಗದ ಕೋಣೆಗೂ ಬಂದಂತೆ ಅನ್ನಿಸಿತು. ಬರಲಾರದಷ್ಟು ದೂರವೆಂದು ಗೊತ್ತಿದ್ದರೂ.

30ರ ಬೆಳಿಗ್ಗೆ ಕಣೇಕಲ್ಲಿನಲ್ಲಿ ಬಸ್ ಇಳಿದು ಆಟೋ ಹತ್ತಿದೆ. ದಾರಿಯುದ್ದಕ್ಕೂ ಜಾಲಿಯ ಕೊಂಬೆ ಮುರಿದು ಬಿದ್ದಿದ್ದವು. ದಿಣ್ಣೆ ಹತ್ತುವ ಮೊದಲೇ ಬೆಳ್ಳಕ್ಕಿಗಳ ಹಿಂಡು ಕಂಡಿತು.

ತೂಬಿನ ಸುತ್ತ ಬಿಳಿ ಹೊಟ್ಟೆಗಳು ಮೇಲಾಗಿ ತೇಲುತ್ತಿದ್ದವು. ಗುಲಾಬಿ ಪಟ್ಟೆ ಮಾಸಿ ಬೂದಿಯಾಗಿತ್ತು. ಚಿನ್ನಕ್ಕ ಹರಿಗೋಲಿನಲ್ಲಿ ನಿಂತು ಬಿದಿರಿನ ಬುಟ್ಟಿಯಿಂದ ಒಂದೊಂದನ್ನೇ ಎತ್ತಿ ಹಾಕಿಕೊಳ್ಳುತ್ತಿದ್ದಳು. ತಿಪ್ಪಯ್ಯ ಸೊಂಟದ ಮಟ್ಟ ನೀರಿನಲ್ಲಿ ನಿಂತು ಅವಳ ಕಡೆಗೆ ತಳ್ಳುತ್ತಿದ್ದ. ನಡುನಡುವೆ ದೂರದಲ್ಲಿ ಕಾಟ್ಲಾ ಒಂದು ನೀರು ಮಗುಚಿ ಮುಳುಗುತ್ತಿತ್ತು. ಅವಕ್ಕೆ ಏನೂ ಆಗಿರಲಿಲ್ಲ.

"ಬಲೆ ಹಾಕಿದ್ರೆ ಬೇಗ ಆಗ್ತಿತ್ತಲ್ಲಕ್ಕ," ಎಂದೆ.

"ಅಳತಿ ಆಗಿಲ್ಲಲ್ರಿ ಇನ್ನಾ." ಬುಟ್ಟಿ ಜಾಡಿಸಿದಳು. "ಬಲಿ ಮುಟ್ಟಿಲ್ಲ ನಾನು. ನಾಳಿ ಯಾರರ ನನ್ನ ಬಲಿಗೆ ಸಿಕ್ಕು ಸತ್ವು ಅಂದ್ರ? ಇನ್ನೂರು ಹದಿಮೂರು ಆತು. ಲೆಕ್ಕ ಇಟ್ಟೀನಿ. ಬಿಟ್ರ ಕೊಳೆತು ನನ್ನ ಮೀನಿಗೂ ಹತ್ತತೈತಿ."

ಪ್ರಸಾದ್ ಬೆಂಚಿನ ಮೇಲೆ ಕೂತಿದ್ದರು. ಗಾಳದ ಕೋಲು ಚೀಲದಿಂದ ಹೊರಗೇ ಬಂದಿರಲಿಲ್ಲ. ನಾನು ಹತ್ತಿರ ಹೋದಾಗ ಎದ್ದು ನಿಂತರು.

"ಜನವರ್‍ಯಾಗ ನಿಮಗ ಗೊತ್ತಿತ್ತೇನ್ರಿ ಇದು?"

"ಗೊತ್ತಿತ್ತು ಸಾರ್."

"ಬರೀಲಿಲ್ಲ."

"ಬರೀಲಿಲ್ಲ. ಒಂದ್ಸಲ ಬಾಯಲ್ಲಿ ಹೇಳಿ ಸುಮ್ನಾದೆ."

"ಬರೆದಿದ್ರ ತರ್ತಿದ್ದಿಲ್ಲೇನೋ," ಎಂದರು. ಗಾಳದ ಚೀಲವನ್ನು ಬೆಂಚಿಗೆ ಒರಗಿಸಿ, "ಯಾರಿಗ್ಗೊತ್ತು, ತರ್ತಿದ್ದೆ," ಎಂದರು.

ನೀರಿನಿಂದ ತಿಪ್ಪಯ್ಯ ಕೂಗಿದ: "ಸಾರೂ, ನನ್ ಕಾಲಿಗೆ ಬಿಸಿ ಹತ್ತಾಕತ್ತೈತಿ. ಮುಳುಗಿ ನೋಡ್ದೆ, ತಳದಾಗ ಒಂದೀಟೂ ತಂಪಿಲ್ಲ ಈಗ. ಬೆಣೆ ಕೀಳ್ಲೇನು? ಬಾಲದ ಗದ್ದಿಯವರಿಗೆ ಮೆಕ್ಕಲರ ಸಿಗ್ಲಿ."

"ಅಳತಿ ಆಗ್ಲಿ ತಡಿಯೋ ತಿಪ್ಪಣ್ಣ," ಎಂದಳು ಚಿನ್ನಕ್ಕ. "ನಲವತ್ತು ದಿನ ತಡದಾಂವ ಅರ್ಧ ತಾಸು ತಡಿ. ತೆನಿ ಒಣಗಿ ಕೊಯ್ಲಿಗೆ ಬಂದಾವ, ಈಗ ಮೆಕ್ಕಲು ಕೊಟ್ಟು ಅವರ ಕಾಲು ತೊಳೀತೀಯೇನು?"

ತಿಪ್ಪಯ್ಯ ನಕ್ಕನೋ, ಮುಖ ಒರೆಸಿಕೊಂಡನೋ ತಿಳಿಯಲಿಲ್ಲ.

ಚಿನ್ನಕ್ಕ ಹರಿಗೋಲನ್ನು ದಡಕ್ಕೆ ತಂದು, ಬೋರ್ಡಿನ ಕಂಬದಿಂದ ಬಲೆಯ ಗಂಟನ್ನು ಇಳಿಸಿ ಒಳಗಿಟ್ಟುಕೊಂಡಳು. ನಾನು ಹತ್ತಿದೆ, ಪ್ರಸಾದ್ ಕೂಡ ಹತ್ತಿದರು. ಸತ್ತ ಮೀನಿನ ರಾಶಿಯ ಪಕ್ಕ ಕಾಲಿಡಲು ಜಾಗವಿರಲಿಲ್ಲ. ಪ್ರಸಾದ್ ಬಾಗಿ ಒಂದನ್ನು ಎತ್ತಿಕೊಂಡರು. ಅಂಗೈಯ ಮೇಲಿಟ್ಟು ತೂಕ ನೋಡಿದರು. ಬಂದಾಗಿನದಕ್ಕಿಂತ ಇಳಿದಿತ್ತು.

"ಒಯ್ಯಿರಿ ಸಾರು," ಎಂದಳು ಚಿನ್ನಕ್ಕ, ಮೆತ್ತಗೆ. "ಇದನ್ನ ತಿನ್ನಾಕ ಬರಂಗಿಲ್ಲ. ಮನ್ಯಾಗ ತೋರಸ್ರಿ. ನಾಳಿ ನಾನು ಒಂದು ಕಾಟ್ಲಾ ಕೊಟ್ಟು ಕಳಸ್ತೀನಿ, ಅದನ್ನ ತಿನ್ರಿ."

ಪ್ರಸಾದ್ ಮೀನನ್ನು ರಾಶಿಯ ಮೇಲೆ ಮೆಲ್ಲಗೆ ಇಟ್ಟರು. ಕೈ ತೊಳೆದುಕೊಂಡು, ನನ್ನ ನಮೂನೆಯಲ್ಲಿ ಸಾಕ್ಷಿಯ ಜಾಗದಲ್ಲಿ ಮುಂಚಿತವಾಗಿಯೇ ಸಹಿ ಹಾಕಿದರು. "ನೀವು ಓದಿ ಬರೀರಿ. ನನಗ ನೋಡೋದು ಬ್ಯಾಡ."

ನಾನು ಮೊದಲು ಷರಾ ಕಾಲಂ ತುಂಬಿದೆ. ಜಾಗ ಸಾಲದೆ ಹಾಳೆಯ ಹಿಂಬದಿಗೂ ಹೋಯಿತು. ಜನವರಿಯ ಅಂಕಿ ವರ್ಷದ ಅತಿ ತಣ್ಣಗಿನ ವಾರದ್ದು, ಅತಿ ಆಳದ ಜಾಗದ್ದು ಎಂದು ಬರೆದೆ. ಅದರಿಂದ ಈ ಕೆರೆ ಟ್ರೌಟ್‌ಗೆ ತಕ್ಕದ್ದೆಂದು ತೀರ್ಮಾನಿಸಬಾರದಿತ್ತು, ಆ ಮಾತನ್ನು ಆಗ ಬರೆಯದೆ ಬಿಟ್ಟದ್ದು ಅಳತೆ ಮಾಡಿದವಳ ತಪ್ಪು. ನಡುವಿನ ಕಂಡಿ ತೆಗೆಯಲು ಹೇಳಿದ್ದೂ ಅವಳೇ. ನೀರಗಂಟಿಯದೂ ಬಲೆಯವರದೂ ಇದರಲ್ಲಿ ಏನೂ ಇಲ್ಲ.

ಆಮೇಲೆ ತಂತಿ ಇಳಿಸಿದೆ. ಎರಡೂವರೆ ಮೀಟರಿಗೆ ತಳ ಸಿಕ್ಕಿತು. ಚಿನ್ನಕ್ಕ ಒಂದು ಕೈಯಲ್ಲಿ ಹುಟ್ಟು ಹಿಡಿದು ಹರಿಗೋಲು ಅಲ್ಲಾಡದಂತೆ ನಿಲ್ಲಿಸಿದ್ದಳು. ಇನ್ನೊಂದು ಕೈ ಬಲೆಯ ಗಂಟಿನ ಮೇಲಿತ್ತು, ಬಿಚ್ಚಿರಲಿಲ್ಲ. ಎರಡು ನಿಮಿಷ ಕಾದೆ. ಎತ್ತಿ, ಒರೆಸಿ, ಮತ್ತೆ ಇಳಿಸಿ ಮತ್ತೆ ಕಾದೆ. ಎರಡು ಸಲವೂ ಒಂದೇ ಬಂತು. ಗಟ್ಟಿಯಾಗಿ ಓದಿ ಹೇಳಿ, ಖಾಲಿ ಉಳಿದಿದ್ದ ಕಾಲಂನಲ್ಲಿ ಬರೆದೆ.

ತಳದ ನೀರು, 27.6 ಡಿಗ್ರಿ.